ಎರಡನೆಯ ಕಫದ ಡಬ್ಬಿ: ಪಾಂಡವಪುರ ತಾಲ್ಲೂಕಿನ ಒಂದು ಕ್ಷಯ ಪ್ರಕರಣ

ಕ್ಷಯ ಪತ್ತೆಯ ವರದಿಯಲ್ಲಿ ಎರಡು ಸಾಲು ಇರುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಇದೆ ಎನ್ನುವುದು ಒಂದು, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಪ್ರತಿರೋಧ (ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಿರುವುದು) ಕಂಡುಬಂದಿಲ್ಲ ಎನ್ನುವುದು ಇನ್ನೊಂದು. ಈ ಎರಡನೆಯ ಸಾಲನ್ನು ಓದಿದವರಲ್ಲಿ ಬಹಳ ಮಂದಿ ‘ಮಾಮೂಲಿ ಟಿಬಿ, ಆರು ತಿಂಗಳು ಮಾತ್ರೆ ನುಂಗಿದರೆ ಮುಗಿಯಿತು’ ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡದ್ದರಿಂದ ಏನಾಯಿತು, ಅದು ಎಲ್ಲಿ ಸಿಕ್ಕಿಬಿತ್ತು, ಆಮೇಲೆ ಹೇಗೆ ಸರಿಹೋಯಿತು ಎಂಬುದೇ ಈ ಪ್ರಕರಣ. ಇದು ಯಾವುದೇ ಒಬ್ಬ ವ್ಯಕ್ತಿಯ ಆಸ್ಪತ್ರೆ ದಾಖಲೆಯಲ್ಲ. ಮಂಡ್ಯ ಸೀಮೆಯ ಕಬ್ಬಿನ ಊರುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶಗಳನ್ನು ಒಬ್ಬ ರೋಗಿಯ ಸುತ್ತ ಸೇರಿಸಿ ಬರೆದದ್ದು. ಔಷಧಿಯ ಪ್ರಮಾಣ, ಪರೀಕ್ಷೆ, ನಿಯಮಗಳು ಮಾತ್ರ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇರುವಂಥವೇ.

ರೋಗಿ ಮತ್ತು ಕಳೆದುಹೋದ ಹತ್ತು ವಾರ

ವಯಸ್ಸು 52, ಗಂಡಸು. ಆಲೆಮನೆಯಲ್ಲಿ ಪಾಕ ನೋಡುವ ಕೆಲಸ. ಎತ್ತರ 165 ಸೆಂ.ಮೀ., ತೂಕ 43 ಕೆ.ಜಿ. ಅಂದರೆ ದೇಹತೂಕ ಸೂಚ್ಯಂಕ 15.8, ತೀವ್ರ ಅಪೌಷ್ಟಿಕತೆ. ಸಕ್ಕರೆ ಕಾಯಿಲೆ ನಾಲ್ಕು ವರ್ಷದಿಂದ ಇದೆ. ಮಾತ್ರೆ ನೆನಪಾದಾಗ ಮಾತ್ರ. ವಾರದಲ್ಲಿ ಎರಡು ಮೂರು ದಿನ ಕುಡಿತ, ದಿನಕ್ಕೆ ಒಂದು ಕಟ್ಟು ಬೀಡಿ. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಮೂರು ವರ್ಷದ ಮೊಮ್ಮಗು.

ಆಲೆಮನೆಯಲ್ಲಿ ಕೆಮ್ಮುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕೊಪ್ಪರಿಗೆ ಕೆಳಗೆ ಕಬ್ಬಿನ ಸಿಪ್ಪೆ ಉರಿಯುತ್ತದೆ, ಸಿಪ್ಪೆ ಹಸಿಯಿದ್ದರೆ ಹೊಗೆ ಜಾಸ್ತಿ, ಅದರ ಮೇಲೆ ಬೆಲ್ಲದ ಆವಿ. ‘ಹೊಗೆ ಕೆಮ್ಮು’ ಎಂಬ ಹೆಸರು ಸಿದ್ಧವಾಗಿಯೇ ಇರುತ್ತದೆ. ಆದರೆ ಎರಡು ವಾರ ದಾಟಿದ ಕೆಮ್ಮು ಯಾವ ಹೊಗೆಯಲ್ಲೇ ಬಂದಿರಲಿ, ಕಫ ಪರೀಕ್ಷೆ ಆಗಲೇಬೇಕು. ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಎರಡು ವಾರವನ್ನೂ ಕಾಯಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2019ರಿಂದ 2021ರವರೆಗೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣವಿದ್ದ ನೂರರಲ್ಲಿ ಸುಮಾರು 64 ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ.

ಈತ ತೋರಿಸಿಕೊಂಡಿದ್ದ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಮೊದಲು ಸಿರಪ್ಪು, ಐದು ದಿನದ ಆಂಟಿಬಯಾಟಿಕ್. ಕೆಮ್ಮು ನಿಲ್ಲದಾಗ ಲಿವೊಫ್ಲಾಕ್ಸಾಸಿನ್ 500 ಮಿ.ಗ್ರಾಂ ಏಳು ದಿನ, ಮೂರು ವಾರ ಬಿಟ್ಟು ಮತ್ತೆ ಏಳು ದಿನ. ಪ್ರತಿ ಸಲವೂ ಜ್ವರ ಇಳಿಯಿತು, ಊಟ ಸೇರಿತು, ಹತ್ತು ದಿನಕ್ಕೆ ಮೊದಲಿನಂತೆಯೇ ಆಯಿತು. ಲಿವೊಫ್ಲಾಕ್ಸಾಸಿನ್ ಕ್ಷಯದ ಬ್ಯಾಕ್ಟೀರಿಯಾವನ್ನೂ ಕೊಲ್ಲುವ ಔಷಧಿ. ಒಂಟಿಯಾಗಿ ಏಳು ದಿನ ಕೊಟ್ಟರೆ ರೋಗ ಹೋಗುವುದಿಲ್ಲ, ಕೆಲವು ದಿನ ಮರೆಯಾಗುತ್ತದೆ. ಪತ್ತೆ ತಡವಾಗುತ್ತದೆ, ಬದುಕುಳಿದ ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಿಗೆ ಬಗ್ಗದವು ಮೇಲುಗೈ ಪಡೆಯುವ ಅಪಾಯವೂ ಇದೆ. ಕಫ ಪರೀಕ್ಷೆ ಮಾಡಿಸದೆ ಕೆಮ್ಮಿಗೆ ಲಿವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಬರೆಯುವ ಅಭ್ಯಾಸ ನಿಲ್ಲಲೇಬೇಕು. ಅದೇ ಲಿವೊಫ್ಲಾಕ್ಸಾಸಿನ್ ಮೇಲೆ ಈ ರೋಗಿಯ ಜೀವ ಮುಂದೆ ಆತುಕೊಂಡಿತ್ತು.

ಕೊನೆಗೆ ಕಂಡುಹಿಡಿದದ್ದು ಮನೆಮನೆ ಭೇಟಿಗೆ ಬಂದ ಆಶಾ ಕಾರ್ಯಕರ್ತೆ. ಸೊಸೆ ಮಗುವಿನ ಚುಚ್ಚುಮದ್ದಿನ ವಿಷಯ ಕೇಳುತ್ತಿದ್ದಾಗ ಒಳಗಿಂದ ಕೆಮ್ಮು ಕೇಳಿಸಿತು.

ಎರಡು ಡಬ್ಬಿ, ಎರಡು ದಾರಿ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ಫಾಲ್ಕನ್ ಟ್ಯೂಬ್ ಕೊಟ್ಟರು. ಊರಲ್ಲಿ ಇದನ್ನು ಡಬ್ಬಿ ಎಂದೇ ಕರೆಯುವುದು. 50 ಮಿ.ಲೀ. ಹಿಡಿಯುವ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಕೊಳವೆ. ಒಂದು ಮಾದರಿ ಬ್ಯಾಕ್ಟೀರಿಯಾದ ಜೀನು ನೋಡಿ ಬೇಗ ಪತ್ತೆಮಾಡುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಗೆ. ಇನ್ನೊಂದು ಐಸೋನಿಯಾಜಿಡ್ ಎಂಬ ಔಷಧಿಯ ಪ್ರತಿರೋಧವನ್ನೂ ತೋರಿಸುವ ಎಲ್‌ಪಿಎ (ಲೈನ್ ಪ್ರೋಬ್ ಅಸ್ಸೇ) ಪರೀಕ್ಷೆಗೆ, ಅದು ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕು.

ಮೊದಲ ಡಬ್ಬಿ ಸರಿಯಾಗಿ ಹೋಯಿತು. ಟ್ರೂನ್ಯಾಟ್ ವರದಿ ಅಂದೇ ಬಂತು: ಕ್ಷಯ ಇದೆ, ರಿಫಾಂಪಿಸಿನ್ ಪ್ರತಿರೋಧ ಕಂಡುಬಂದಿಲ್ಲ. ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು 2+ (ಅಂಕಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಹೆಚ್ಚು). ರಕ್ತದ ಸಕ್ಕರೆ 286, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 10.4, ಎಚ್‌ಐವಿ ಇಲ್ಲ. ಮರುದಿನವೇ ಚಿಕಿತ್ಸೆ ಶುರು. 35ರಿಂದ 49 ಕೆ.ಜಿ. ತೂಕದವರಿಗೆ ನಾಲ್ಕು ಔಷಧಿ ಸೇರಿಸಿದ ಮಾತ್ರೆ ದಿನಕ್ಕೆ ಮೂರು. ಒಂದೊಂದರಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಇಥಾಂಬ್ಯುಟಾಲ್ 275 ಮಿ.ಗ್ರಾಂ. ಎರಡು ತಿಂಗಳು ಇದು, ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಔಷಧಿಗಳನ್ನು ನಾಲ್ಕು ತಿಂಗಳ ಕಾಲ. ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಣಿ, ಬ್ಯಾಂಕ್ ಖಾತೆ, ಪೋಷಣೆಗೆ ಮುಂಗಡ 3,000 ರೂಪಾಯಿ, ಎಲ್ಲ ಕ್ರಮವಾಗಿಯೇ ನಡೆಯಿತು.

ಎಡವಿದ್ದು ಎರಡನೆಯ ಡಬ್ಬಿ. ಅದಕ್ಕೆ ಬೆಳಗಿನ ಕಫ ಬೇಕಿತ್ತು. ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಹಳದಿ ಬಣ್ಣದ ಗಟ್ಟಿ ಕಫ, 2ರಿಂದ 5 ಮಿ.ಲೀ. ಬಯಲಲ್ಲಿ, ಗಾಳಿ ಆಡುವ ಕಡೆ ನಿಂತು ತೆಗೆಯಬೇಕು, ಮುಚ್ಚಿದ ಕೋಣೆಯಲ್ಲಿ ಅಲ್ಲ. ‘ಉಗುಳಿ ಕೊಡಿ’ ಎಂದು ಹೇಳಿದರೆ ಉಗುಳೇ ಬರುತ್ತದೆ. ‘ಎದೆಯಿಂದ ಕೆಮ್ಮಿ ತೆಗೀರಿ’ ಎಂದು ಒಂದು ಸಲ ಮಾಡಿ ತೋರಿಸಬೇಕು. ಈತನಿಂದ ತೆಗೆಸಿದ್ದು ಶನಿವಾರ ಮಧ್ಯಾಹ್ನ, ಊಟವಾದ ಮೇಲೆ. ಡಬ್ಬಿಯಲ್ಲಿದ್ದದ್ದು ಬಹುಪಾಲು ಜೊಲ್ಲು. ಮುಚ್ಚಳ ಓರೆಯಾಗಿ ಕೂತಿತ್ತು. ಭಾನುವಾರ, ಸೋಮವಾರ ರಜೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದ ಜೆಲ್ ಪ್ಯಾಕ್ ಇಡಬೇಕಿದ್ದ ಜಾಗ ಖಾಲಿ. ಪ್ರಯೋಗಾಲಯಕ್ಕೆ ಮುಟ್ಟಿದಾಗ ಅರ್ಧ ಸೋರಿತ್ತು. ಮಾದರಿ ತಿರಸ್ಕೃತ ಎಂದು ಪೋರ್ಟಲ್‌ನಲ್ಲಿ ದಾಖಲಾಯಿತು.

ಆ ನಮೂದನ್ನು ಯಾರೂ ತೆರೆದು ನೋಡಲಿಲ್ಲ. ಚಿಕಿತ್ಸೆ ಶುರುವಾಗಿತ್ತು, ರೋಗಿಗೆ ಜ್ವರ ಇಳಿದಿತ್ತು, ಮತ್ತೊಂದು ಕಫ ಕೇಳಲು ಯಾರಿಗೂ ಕಾರಣ ಕಾಣಲಿಲ್ಲ. ಬೇಜವಾಬ್ದಾರಿ ಎಂದು ಒಬ್ಬರ ಕಡೆ ಬೆರಳು ತೋರಿಸಿದರೆ ಇದು ಸರಿಹೋಗುವುದಿಲ್ಲ. ತಿರಸ್ಕೃತ ಮಾದರಿಯ ಸುದ್ದಿ ಯಾರ ಫೋನಿಗೆ ಬರಬೇಕು, ಅವರು ಎಷ್ಟು ದಿನದೊಳಗೆ ಮತ್ತೆ ಕಫ ತೆಗೆಸಬೇಕು ಎಂಬುದು ಎಲ್ಲೂ ಬರೆದಿಟ್ಟಿರಲಿಲ್ಲ.

ಆ ಡಬ್ಬಿ ಯಾಕೆ ಅಷ್ಟು ಮುಖ್ಯ? ಟ್ರೂನ್ಯಾಟ್‌ನ ಪ್ರತಿರೋಧ ಪರೀಕ್ಷೆ ನೋಡುವುದು ಆರ್‌ಪಿಒಬಿ ಎಂಬ ಒಂದೇ ಜೀನಿನ ಪುಟ್ಟ ಭಾಗವನ್ನು. ಅದು ರಿಫಾಂಪಿಸಿನ್‌ಗೆ ಸಂಬಂಧಿಸಿದ್ದು. ಐಸೋನಿಯಾಜಿಡ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದಕ್ಕೆ ಅಲ್ಲಿ ಉತ್ತರವೇ ಇಲ್ಲ. 2014–16ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಾಳತ್ವದಲ್ಲಿ ದೇಶದಾದ್ಯಂತ ನಡೆದ ಔಷಧಿ ಪ್ರತಿರೋಧ ಸಮೀಕ್ಷೆಯ ಪ್ರಕಾರ ಹೊಸ ರೋಗಿಗಳಲ್ಲಿ ಶೇ 11ರಷ್ಟು, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ 25ರಷ್ಟು ಮಂದಿಗೆ ಐಸೋನಿಯಾಜಿಡ್ ಪ್ರತಿರೋಧ ಇತ್ತು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ ಹೊಸಬರಲ್ಲಿ ಶೇ 3ಕ್ಕಿಂತ ಕಡಿಮೆ. ಅಂದರೆ ಮೊದಲ ವರದಿ ಹಿಡಿಯುವುದಕ್ಕಿಂತ ಹೆಚ್ಚು ಮಂದಿ ಅದರ ಕಣ್ಣಿಗೆ ಬೀಳದೆ ದಾಟಿಹೋಗುತ್ತಾರೆ.

ಎರಡನೆಯ ತಿಂಗಳು

ಮೊದಲ ಮೂರು ವಾರ ಎಲ್ಲರಿಗೂ ಸಮಾಧಾನ. ಊಟ ಸೇರಿತು, ರಾತ್ರಿ ಬೆವರು ನಿಂತಿತು. ಆಮೇಲೆ ತೂಕ 44ರಲ್ಲೇ ನಿಂತುಬಿಟ್ಟಿತು. ಕೆಮ್ಮು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಎರಡು ತಿಂಗಳ ಕೊನೆಯ ಕಫ ಪರೀಕ್ಷೆ ಇನ್ನೂ 1+.

‘ಕುಡಿದು ಮಾತ್ರೆ ಬಿಟ್ಟಿರಬೇಕು’ ಎಂಬ ಮಾತು ಮೊದಲು ಬಂತು. ಇಂಥ ರೋಗಿಯ ವಿಷಯದಲ್ಲಿ ಈ ಅನುಮಾನ ಬೇಗ ಬರುತ್ತದೆ, ಬಂದ ಮೇಲೆ ಬೇರೆ ಕಾರಣ ಹುಡುಕುವುದು ನಿಂತುಹೋಗುತ್ತದೆ. ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ಮನೆಗೆ ಹೋಗಿ ಖಾಲಿ ಸ್ಟ್ರಿಪ್‌ಗಳನ್ನು ಎಣಿಸಿದರು. 56 ದಿನಕ್ಕೆ ದಿನಕ್ಕೆ ಮೂರರಂತೆ 168 ಮಾತ್ರೆ. ಲೆಕ್ಕಕ್ಕೆ ಎರಡು ದಿನದ್ದು ಮಾತ್ರ ಹೆಚ್ಚು ಉಳಿದಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕಿತ್ತು, ಅಂದರೆ ರಿಫಾಂಪಿಸಿನ್ ಹೊಟ್ಟೆಗೆ ಹೋಗುತ್ತಿದೆ. ಹೆಂಡತಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೈಗೆ ಕೊಟ್ಟು ನುಂಗಿಸುತ್ತಿದ್ದರು. ಮಾತ್ರೆ ತಪ್ಪಿಸಿದ್ದು ಕಾರಣವಲ್ಲ.

ಎರಡನೆಯ ಅನುಮಾನ ಸಕ್ಕರೆಯದು, ಅದರಲ್ಲಿ ಅರ್ಧ ನಿಜವಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು, ಕಫ ಶುದ್ಧವಾಗುವುದೂ ನಿಧಾನ. ಈತ ನುಂಗುತ್ತಿದ್ದದ್ದು ಗ್ಲಿಮೆಪಿರೈಡ್ ಎಂಬ ಸಕ್ಕರೆ ಮಾತ್ರೆ. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಆ ಜಾತಿಯ ಮಾತ್ರೆಗಳನ್ನು ಬೇಗ ಒಡೆದು ಹಾಕುತ್ತದೆ. ಹಾಗಾಗಿ ಸಕ್ಕರೆ ಮಾತ್ರೆ ನುಂಗಿದರೂ ಬೆಳಗಿನ ಸಕ್ಕರೆ 210ರ ಕೆಳಗೆ ಇಳಿದಿರಲಿಲ್ಲ.

ಆದರೆ ಸಕ್ಕರೆಯೊಂದನ್ನೇ ಕಾರಣವೆಂದು ಒಪ್ಪಿಕೊಂಡು ಮೂರನೆಯ ತಿಂಗಳಿಗೆ ದೂಡದಿದ್ದದ್ದು ಈ ಪ್ರಕರಣದಲ್ಲಿ ನಡೆದ ಅತಿ ಒಳ್ಳೆಯ ಕೆಲಸ. ಎರಡು ತಿಂಗಳ ಕೊನೆಗೆ ಕಫದಲ್ಲಿ ಬ್ಯಾಕ್ಟೀರಿಯಾ ಕಂಡರೆ ಪ್ರತಿರೋಧ ಪರೀಕ್ಷೆ ಮಾಡಿಸಬೇಕು ಎಂಬುದು ನಿಯಮ. ಕಡತ ತಿರುವಿದಾಗ ಮೊದಲ ಎಲ್‌ಪಿಎ ಆಗಿಯೇ ಇಲ್ಲ ಎಂಬುದು ಆಗ ಗೊತ್ತಾಯಿತು. ಈ ಸಲ ಬೆಳಗಿನ ಆರು ಗಂಟೆಗೆ, ಮನೆಯ ಹಿಂದಿನ ಬಯಲಲ್ಲಿ, ಆಶಾ ಎದುರಿಗೆ ನಿಂತು ತೆಗೆಸಿದ ಕಫ. ಹೆಸರಿನ ಚೀಟಿ ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೆ. ಮುಚ್ಚಳದ ಸುತ್ತ ಪ್ಯಾರಾಫಿಲ್ಮ್, ಹತ್ತಿ ಸುತ್ತಿ ಜಿಪ್ ಚೀಲ, ಜೆಲ್ ಪ್ಯಾಕ್ ಇಟ್ಟ ಪೆಟ್ಟಿಗೆ. ಅರ್ಜಿ ನಮೂನೆ ಬೇರೆ ಚೀಲದಲ್ಲಿ, ಸೋರಿದರೂ ಕಾಗದ ಹಾಳಾಗದಂತೆ. ಅಂದೇ ರವಾನೆ, ಮರುದಿನ ಬೆಂಗಳೂರು.

ಪಟ್ಟಿಯ ಮೇಲೆ ಕಂಡದ್ದು

ಎಲ್‌ಪಿಎ ಫಲಿತಾಂಶ ಒಂದು ತೆಳು ಬಿಳಿ ಪಟ್ಟಿಯ ಮೇಲೆ ಗೆರೆಗಳಾಗಿ ಮೂಡುತ್ತದೆ. ಕಫದಿಂದ ಡಿಎನ್‌ಎ ತೆಗೆದು, ಬೇಕಾದ ಜೀನುಗಳ ಪ್ರತಿ ಹೆಚ್ಚಿಸಿ, ಆ ಪಟ್ಟಿಯ ಮೇಲೆ ಹರಿಸುತ್ತಾರೆ. ಒಟ್ಟು 27 ಗೆರೆಗಳ ಜಾಗ. ಸಹಜ ಜೀನಿದ್ದರೆ ಅದರ ಗೆರೆ ಮೂಡುತ್ತದೆ, ಬದಲಾಗಿದ್ದರೆ ಆ ಗೆರೆ ಮಾಯವಾಗಿ ಪಕ್ಕದ ‘ರೂಪಾಂತರ’ ಗೆರೆ ಮೂಡುತ್ತದೆ. ಈತನ ಪಟ್ಟಿಯಲ್ಲಿ ಆರ್‌ಪಿಒಬಿಯ ಸಹಜ ಗೆರೆಗಳು ಎಂಟೂ ಇದ್ದವು, ರಿಫಾಂಪಿಸಿನ್ ಸರಿ. ಐಸೋನಿಯಾಜಿಡ್‌ಗೆ ಸಂಬಂಧಿಸಿದ ಕ್ಯಾಟ್‌ಜಿ ಜೀನಿನ ಜಾಗದಲ್ಲಿ ಸಹಜ ಗೆರೆ ಇರಲಿಲ್ಲ, ಮೊದಲ ರೂಪಾಂತರದ ಗೆರೆ ಗಾಢವಾಗಿತ್ತು.

ಐಸೋನಿಯಾಜಿಡ್ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದೊಳಗೆ ಹೋದ ಮೇಲೆ ಅದರದೇ ಕ್ಯಾಟ್‌ಜಿ ಕಿಣ್ವ ಆ ಔಷಧಿಯನ್ನು ಸಕ್ರಿಯಗೊಳಿಸಬೇಕು. ಆ ಕಿಣ್ವದ 315ನೇ ಸ್ಥಾನದ ಅಮೈನೋ ಆಮ್ಲ ಬದಲಾದರೆ ಔಷಧಿ ಬಹುಮಟ್ಟಿಗೆ ಸಕ್ರಿಯವಾಗುವುದಿಲ್ಲ. ಇದು ಬಲವಾದ ಪ್ರತಿರೋಧ, ಡೋಸ್ ಹೆಚ್ಚಿಸಿ ಗೆಲ್ಲುವಂಥದ್ದಲ್ಲ. ಇನ್‌ಹೆಚ್‌ಎ ಎಂಬ ಇನ್ನೊಂದು ಜೀನಿನ ಜಾಗದ ಬದಲಾವಣೆಯಾಗಿದ್ದರೆ ಮಾತು ಬೇರೆ. ಅಲ್ಲಿ ಪ್ರತಿರೋಧ ಸಾಮಾನ್ಯವಾಗಿ ಕಡಿಮೆ ಮಟ್ಟದ್ದು, ಆದರೆ ಇಥಿಯೋನಮೈಡ್ ಎಂಬ ಇನ್ನೊಂದು ಔಷಧಿ ಕೈಬಿಡುತ್ತದೆ.

ವರದಿ ಬರುವ ಹೊತ್ತಿಗೆ ರೋಗಿ ಮೂರು ಔಷಧಿಯ ಎರಡನೆಯ ಹಂತಕ್ಕೆ ಹೋಗಿ ಆರು ದಿನವಾಗಿತ್ತು. ಆ ಹಂತದಲ್ಲಿ ಐಸೋನಿಯಾಜಿಡ್ ಲೆಕ್ಕಕ್ಕಿಲ್ಲ ಎಂದಾದರೆ ಉಳಿಯುವುದು ರಿಫಾಂಪಿಸಿನ್, ಜೊತೆಗೆ ಬಲ ಕಡಿಮೆಯ ಇಥಾಂಬ್ಯುಟಾಲ್. ನಾಲ್ಕು ತಿಂಗಳು ಹಾಗೇ ಬಿಟ್ಟರೆ ರಿಫಾಂಪಿಸಿನ್ ಹೆಚ್ಚುಕಡಿಮೆ ಒಂಟಿಯಾಗಿ ಹೋರಾಡಬೇಕು. ಅದೂ ಸೋತರೆ ಬಹು ಔಷಧಿ ಪ್ರತಿರೋಧದ ಕ್ಷಯ. ಬೆಡಾಕ್ವಿಲಿನ್, ಪ್ರಿಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಆರು ತಿಂಗಳ ಹೊಸ ಚಿಕಿತ್ಸೆ ಅದಕ್ಕೆ ಈಗ ಇದೆ ನಿಜ. ಆದರೆ ಅಲ್ಲಿಗೆ ತಲುಪದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇರುವಾಗ ಅಲ್ಲಿಗೆ ಕಳಿಸುವುದು ಅನ್ಯಾಯ.

ಬದಲಾದ ಚಿಕಿತ್ಸೆ

ಐಸೋನಿಯಾಜಿಡ್ ಪ್ರತಿರೋಧಕ್ಕೆ ನಿಗದಿಯಾದದ್ದು ಲಿವೊಫ್ಲಾಕ್ಸಾಸಿನ್, ರಿಫಾಂಪಿಸಿನ್, ಇಥಾಂಬ್ಯುಟಾಲ್, ಪೈರಾಜಿನಮೈಡ್, ನಾಲ್ಕೂ ದಿನವೂ, ಆರು ತಿಂಗಳು. ನಡುವೆ ಹಂತ ಬದಲಾವಣೆ ಇಲ್ಲ. ಹಿಂದಿನ ಎರಡು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ಹೊಸದಾಗಿ ಎಣಿಕೆ ಎಂದು ಮನೆಯವರಿಗೆ ಬಿಡಿಸಿ ಹೇಳದಿದ್ದರೆ ನಾಲ್ಕನೆಯ ತಿಂಗಳಿಗೆ ‘ಆರು ತಿಂಗಳು ಆಯ್ತಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ.

ಶುರು ಮಾಡುವ ಮುನ್ನ ಎರಡು ವಿಷಯ ಖಚಿತವಾಗಬೇಕಿತ್ತು. ರಿಫಾಂಪಿಸಿನ್ ಈಗಲೂ ಕೆಲಸ ಮಾಡುತ್ತಿದೆಯೇ? ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಔಷಧಿ ಸೇರಿಸುವುದು ಕ್ಷಯದಲ್ಲಿ ದೊಡ್ಡ ತಪ್ಪು, ಆ ಒಂದೂ ಸೋಲುತ್ತದೆ. ಹೊಸ ಕಫದಲ್ಲೂ ರಿಫಾಂಪಿಸಿನ್ ಸರಿಯಿದೆ ಎಂದು ಎಲ್‌ಪಿಎ ಹೇಳಿದ್ದರಿಂದ ಮಾತ್ರ ಮುಂದಡಿ ಇಡಲು ಸಾಧ್ಯವಾಯಿತು. ಇನ್ನೊಂದು, ಕ್ಲಿನಿಕ್‌ನಲ್ಲಿ ಎರಡು ಸಲ ನುಂಗಿದ ಲಿವೊಫ್ಲಾಕ್ಸಾಸಿನ್. ಎರಡನೆಯ ಸಾಲಿನ ಔಷಧಿಗಳ ಎಲ್‌ಪಿಎಯಲ್ಲಿ ಲಿವೊಫ್ಲಾಕ್ಸಾಸಿನ್ ಪ್ರತಿರೋಧಕ್ಕೆ ಸಂಬಂಧಿಸಿದ ಜಿವೈಆರ್‌ಎ ಜೀನು ನೋಡಿದರು, ಅದೃಷ್ಟಕ್ಕೆ ಬದಲಾಗಿರಲಿಲ್ಲ.

ಇಸಿಜಿ, ಯಕೃತ್ತಿನ ಪರೀಕ್ಷೆ, ಕ್ರಿಯಾಟಿನಿನ್ ಆದ ಮೇಲೆ 30ರಿಂದ 45 ಕೆ.ಜಿ. ತೂಕದವರ ಪಟ್ಟಿಯಂತೆ ಲಿವೊಫ್ಲಾಕ್ಸಾಸಿನ್ 750, ರಿಫಾಂಪಿಸಿನ್ 450, ಇಥಾಂಬ್ಯುಟಾಲ್ 800, ಪೈರಾಜಿನಮೈಡ್ 1,250 ಮಿ.ಗ್ರಾಂ. ಬಿಡಿ ಮಾತ್ರೆಗಳು, ನಾಲ್ಕು ಬಗೆಯವು. ಒಂದನ್ನು ಬಿಟ್ಟು ಉಳಿದದ್ದು ನುಂಗುವ ಅಪಾಯ ಇಲ್ಲಿ ಹೆಚ್ಚು. ಸೊಸೆ ವಾರದ ಏಳು ಪೊಟ್ಟಣ ಕಟ್ಟಿಡುತ್ತಿದ್ದರು.

ಮಂಡ್ಯದ ಮನೆಗೆ ಹೊಂದುವ ಎಚ್ಚರಿಕೆಯೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಕಟ್ಟಿದ ಹಸು ಇದೆ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಒಂದು ಲೋಟ ಹಾಲಿನ ಜೊತೆ ಮಾತ್ರೆ ನುಂಗುವುದು ಸಹಜ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಲಿವೊಫ್ಲಾಕ್ಸಾಸಿನ್‌ಗೆ ಅಂಟಿಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆಗೆ ನೀರೇ ಆಗಬೇಕು. ಹಾಲು, ಆಂಟಾಸಿಡ್ ಎಲ್ಲ ಎರಡು ಗಂಟೆ ದೂರ.

ಗ್ಲಿಮೆಪಿರೈಡ್ ನಿಲ್ಲಿಸಿದರು. ರಿಫಾಂಪಿಸಿನ್ ಅದನ್ನು ದುರ್ಬಲಗೊಳಿಸುತ್ತದೆ, ಅದರ ಜೊತೆ ಲಿವೊಫ್ಲಾಕ್ಸಾಸಿನ್ ಸೇರಿದರೆ ಸಕ್ಕರೆ ಒಮ್ಮೆಗೇ ಕುಸಿಯಲೂಬಹುದು. ಬದಲಿಗೆ ಮೆಟ್ಫಾರ್ಮಿನ್ ಜೊತೆ ಇನ್ಸುಲಿನ್ ಶುರು ಮಾಡಿದರು. ಆರು ವಾರಕ್ಕೆ ಬೆಳಗಿನ ಸಕ್ಕರೆ 130ರ ಆಸುಪಾಸು. ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ಎರಡು ವಾರದಲ್ಲಿ ಸಕ್ಕರೆಯ ಔಷಧಿಯ ಪ್ರಮಾಣವನ್ನು ಮತ್ತೆ ನೋಡಬೇಕು.

ಪ್ರತಿ ತಿಂಗಳೂ ಕೇಳಬೇಕಾದವು ಹೀಗಿವೆ. ಕೆಂಪು–ಹಸಿರು ಗುರುತಿಸಲು ಕಷ್ಟವೇ, ಇಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತಗಲುತ್ತದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ನೋಯುತ್ತದೆಯೇ, ಅದು ಲಿವೊಫ್ಲಾಕ್ಸಾಸಿನ್. ಕೀಲುನೋವು ಪೈರಾಜಿನಮೈಡ್. ಹಸಿವೇ ಇಲ್ಲದೆ ವಾಕರಿಕೆ, ಕಣ್ಣು ಹಳದಿ ಆದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ. ಇದು ಯಕೃತ್ತಿಗೆ ಪೆಟ್ಟಾದ ಗುರುತು, ಕುಡಿಯುವವರಲ್ಲಿ ಹೆಚ್ಚು. ಈತ ಕುಡಿತ ಪೂರ್ತಿ ಬಿಡಲಿಲ್ಲ, ಕಡಿಮೆ ಮಾಡಿದ. ಹಾಗೆಂದು ಚಿಕಿತ್ಸೆ ತಡೆಹಿಡಿಯುವುದು ತಪ್ಪು. ಯಕೃತ್ತಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿದರು.

ನಡುವೆ ಮನೆಯವರು ಮೈಸೂರಿನ ‘ಟಿಬಿ ಆಸ್ಪತ್ರೆ’ಗೆ ಸೇರಿಸಿ ಎಂದು ಪಟ್ಟು ಹಿಡಿದಿದ್ದರು. ಕೆಆರ್‌ಎಸ್ ರಸ್ತೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ 1921ರಿಂದ ಈ ಸೀಮೆಯವರಿಗೆ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಸೋದರಿಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯಕ್ಕೆ ಕಳೆದುಕೊಂಡಿದ್ದರು. ಔಷಧಿ ಇಲ್ಲದ ಆ ಕಾಲದಲ್ಲಿ ಶುದ್ಧ ಗಾಳಿ, ವಿಶ್ರಾಂತಿ, ಊಟವೇ ಚಿಕಿತ್ಸೆ. ಮನೆಯಲ್ಲೇ ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಈತನಿಗೆ ದಾಖಲಾತಿ ಬೇಕಿದ್ದದ್ದು ಅಪೌಷ್ಟಿಕತೆ ಮತ್ತು ಸಕ್ಕರೆ ಹತೋಟಿಗೆ. ಐದು ದಿನ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದ.

ಊಟದ ಬಗ್ಗೆ ಇನ್ನೂ ಹೆಚ್ಚು ಒತ್ತು ಬೇಕು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಮಂದಿಗೆ ಹೆಚ್ಚುವರಿ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಕ್ಷಯ ರೋಗಿಗಳ ನಿಕ್ಷಯ್ ಪೋಷಣ ಯೋಜನೆಯ ಮೊತ್ತ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿದೆ. ಮುದ್ದೆ ಜೊತೆ ದಿನಕ್ಕೆ ಎರಡು ಮೊಟ್ಟೆ, ಹುರುಳಿ ಸಾರು, ಕಡಲೆಬೀಜಕ್ಕೆ ಆ ದುಡ್ಡು ಸಾಕಾಗುತ್ತದೆ. ದುಡಿಮೆ ನಿಂತ ಮನೆಯಲ್ಲಿ ಅದು ಸಾಲದ ಬಡ್ಡಿಗೆ ಹೋಗದಂತೆ ನೋಡಿಕೊಳ್ಳುವುದು ಕಷ್ಟ.

ಮನೆಯವರು, ಜೊತೆಗಾರರು

ಮೊದಲ ವರದಿಯ ಆಧಾರದ ಮೇಲೆ ಮೊಮ್ಮಗುವಿಗೂ ದೊಡ್ಡವರಿಗೂ ತಡೆ ಚಿಕಿತ್ಸೆಯಾಗಿ ಐಸೋನಿಯಾಜಿಡ್ ಶುರುವಾಗಿ ಆರು ವಾರವಾಗಿತ್ತು. ಸೋಂಕು ಬಂದಿದ್ದರೆ ಅದು ಐಸೋನಿಯಾಜಿಡ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು. ಕೊಡುತ್ತಿದ್ದ ಮಾತ್ರೆಯಿಂದ ರಕ್ಷಣೆ ಇರಲಿಲ್ಲ. ರೋಗಿಯ ಚಿಕಿತ್ಸೆ ಬದಲಾದಾಗ ಮನೆಯವರ ತಡೆ ಚಿಕಿತ್ಸೆಯೂ ಬದಲಾಗಬೇಕು ಎಂಬುದು ಬಹಳ ಕಡೆ ಮರೆತುಹೋಗುವ ಅಂಶ. ಎಲ್ಲರಿಗೂ ಮತ್ತೆ ಲಕ್ಷಣ ಕೇಳಿ, ದೊಡ್ಡವರಿಗೆ ಎದೆಯ ಎಕ್ಸ್‌ರೇ ತೆಗೆದು, ರೋಗ ಇಲ್ಲವೆಂದು ಖಚಿತವಾದ ಮೇಲೆ ರಿಫಾಂಪಿಸಿನ್ ದಿನವೂ ನಾಲ್ಕು ತಿಂಗಳು. ದೊಡ್ಡವರಿಗೆ ಕೆ.ಜಿ.ಗೆ 10 ಮಿ.ಗ್ರಾಂ, 12 ಕೆ.ಜಿ. ತೂಗುವ ಮಗುವಿಗೆ ಕೆ.ಜಿ.ಗೆ 15ರಂತೆ 180 ಮಿ.ಗ್ರಾಂ. ಸೊಸೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರು. ರಿಫಾಂಪಿಸಿನ್ ಜೊತೆ ಅದನ್ನು ನಂಬುವಂತಿಲ್ಲ, ಕಾಪರ್‌-ಟಿ ಹಾಕಿಸಿಕೊಂಡರು.

ಆಲೆಮನೆ ಬಯಲಿಗೆ ತೆರೆದ ಚಪ್ಪರ, ಅಲ್ಲಿ ಗಾಳಿ ಆಡುತ್ತದೆ. ಅಪಾಯವಿದ್ದದ್ದು ಪಕ್ಕದ ಶೀಟಿನ ಕೋಣೆಯಲ್ಲಿ. ಜನವರಿಯ ಚಳಿಗೆ ಬಾಗಿಲು, ಕಿಟಕಿ ಮುಚ್ಚಿ ಏಳು ಮಂದಿ ಒಟ್ಟಿಗೆ ಮಲಗುತ್ತಿದ್ದರು. ಅದರಲ್ಲಿ ಐವರು ಹೊರಜಿಲ್ಲೆಗಳಿಂದ ಬಂದವರು. ಇಬ್ಬರ ಎಕ್ಸ್‌ರೇ ಆಯಿತು, ಏನೂ ಇರಲಿಲ್ಲ. ಉಳಿದವರ ಹೆಸರು, ಫೋನ್ ನಂಬರ್ ತೆಗೆದುಕೊಳ್ಳುವ ಹೊತ್ತಿಗೆ ಮೂವರು ಊರಿಗೆ ಹೊರಟುಹೋಗಿದ್ದರು. ಜಗತ್ತಿನಲ್ಲಿ 2023ರಲ್ಲಿ 1.08 ಕೋಟಿ ಜನಕ್ಕೆ ಕ್ಷಯ ಬಂದಿತ್ತು, ಪತ್ತೆಯಾಗಿ ದಾಖಲಾದವರು 82 ಲಕ್ಷ. ಉಳಿದವರು ಎಲ್ಲೋ ದೂರದಲ್ಲಿಲ್ಲ, ಇಂಥ ಕೋಣೆಗಳಿಂದ ಎದ್ದು ಹೋದವರೇ ಅವರಲ್ಲಿ ಸೇರಿರುತ್ತಾರೆ. ಆ ವರ್ಷದ ಒಟ್ಟು ರೋಗಿಗಳಲ್ಲಿ ಶೇ 26ರಷ್ಟು ಭಾರತದವರು.

ಫಲಿತಾಂಶ

ಹೊಸ ಚಿಕಿತ್ಸೆಯ ಮೂರನೆಯ ತಿಂಗಳಿಗೆ ಕಫ ಶುದ್ಧ, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲೂ ಏನೂ ಬೆಳೆಯಲಿಲ್ಲ. ನಾಲ್ಕನೆಯ ತಿಂಗಳ ಕೊನೆಗೂ ಕಫದಲ್ಲಿ ಬ್ಯಾಕ್ಟೀರಿಯಾ ಇದ್ದಿದ್ದರೆ ಚಿಕಿತ್ಸೆಯನ್ನು ಒಂಬತ್ತು ತಿಂಗಳಿಗೆ ಹಿಗ್ಗಿಸಬೇಕಿತ್ತು. ಐದನೆಯ ತಿಂಗಳಲ್ಲಿ ತೂಕ 49 ದಾಟಿತು. ಐದು ಕೆ.ಜಿ. ಏರಿ ಮುಂದಿನ ತೂಕದ ಪಟ್ಟಿಗೆ ಹೋದದ್ದರಿಂದ ಲಿವೊಫ್ಲಾಕ್ಸಾಸಿನ್ 1,000, ರಿಫಾಂಪಿಸಿನ್ 600, ಇಥಾಂಬ್ಯುಟಾಲ್ 1,200, ಪೈರಾಜಿನಮೈಡ್ 1,750 ಮಿ.ಗ್ರಾಂಗೆ ಏರಿಸಿದರು. ಆರನೆಯ ತಿಂಗಳ ಕಲ್ಚರ್ ಕೂಡ ಶುದ್ಧವಾಗಿತ್ತು.

ಆರೋಗ್ಯ ಕೇಂದ್ರದ ನೋಂದಣಿ ಪುಸ್ತಕದಲ್ಲಿ ಈಗ ಪ್ರತಿ ರೋಗಿಯ ಸಾಲಿನಲ್ಲಿ ಮೂರು ಹೊಸ ಕಾಲಂ ಗೆರೆ ಹಾಕಿದ್ದಾರೆ: ಎರಡನೆಯ ಡಬ್ಬಿ ಕಳಿಸಿದ ದಿನ, ಪ್ರಯೋಗಾಲಯ ಸ್ವೀಕರಿಸಿದ ದಿನ, ಐಸೋನಿಯಾಜಿಡ್ ಫಲಿತಾಂಶ. ಕಳಿಸಿದ ಏಳನೆಯ ದಿನಕ್ಕೆ ಮೂರನೆಯ ಕಾಲಂ ಖಾಲಿ ಇದ್ದರೆ ಪ್ರಯೋಗಾಲಯ ತಂತ್ರಜ್ಞರೇ ಫೋನ್ ಮಾಡಬೇಕು, ತಿರಸ್ಕೃತವಾಗಿದ್ದರೆ ಎರಡು ದಿನದೊಳಗೆ ಮತ್ತೆ ಕಫ. ಶನಿವಾರ ಮತ್ತು ರಜೆಯ ಹಿಂದಿನ ದಿನ ಎಲ್‌ಪಿಎಗೆ ಮಾದರಿ ತೆಗೆಯುವುದನ್ನು ನಿಲ್ಲಿಸಿದ್ದಾರೆ. ರೋಗಿಯನ್ನು ಇನ್ನು ಎರಡು ವರ್ಷ, 6, 12, 18 ಮತ್ತು 24ನೇ ತಿಂಗಳಿಗೆ ಕರೆದು ಕೆಮ್ಮು, ತೂಕ ನೋಡಬೇಕು, ಲಕ್ಷಣವಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಊರಿಗೆ ಹೋದ ಮೂವರಲ್ಲಿ ಇಬ್ಬರ ವಿವರ ಅವರವರ ಜಿಲ್ಲಾ ಕ್ಷಯ ಕೇಂದ್ರಕ್ಕೆ ಹೋಗಿದೆ. ಮೂರನೆಯವನ ಫೋನ್ ಹೋಗುತ್ತಿಲ್ಲ. ಮುಂದಿನ ಕಬ್ಬಿನ ಹಂಗಾಮಿಗೆ ಆಲೆಮನೆ ಹೊತ್ತಿಕೊಂಡ ವಾರವೇ ಅಲ್ಲಿಗೆ ಎಕ್ಸ್‌ರೇ ಯಂತ್ರ ಒಯ್ಯುವುದೆಂದು ತಾಲ್ಲೂಕಿನ ತಂಡ ಬರೆದುಕೊಂಡಿದೆ.